ನೊಣಗಳ ನಿದ್ದೆ ಕೆಡಿಸಿದವರು

ಬೇರೆಯವರು ಕೆಲಸವಿಲ್ಲದಾಗ ನೊಣ ಹೊಡೆಯುತ್ತಾರೆ. ಇವರಿಗೆ ನೊಣವೇ ಕೆಲಸ. ಸಂಶೋಧನಾಲಯದಲ್ಲಿ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಈ ಪ್ರಾಧ್ಯಾಪಕಿಯನ್ನು ಬೆನ್ನ ಹಿಂದೆ ನೊಣದಮ್ಮ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಮಾಡುವ ಕೆಲಸಕ್ಕೆ ತಕ್ಕ ಹೆಸರೇ ತಾನೆ ಎಂದು ಸುಮ್ಮನಿದ್ದರು.

ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುವ, ಎಳ್ಳುಕಾಳಿನಷ್ಟು ಗಾತ್ರದ ಹಣ್ಣುನೊಣವೂ ನಿದ್ದೆ ಮಾಡುತ್ತದೆ ಎಂದರೆ ಜನ ನಗುತ್ತಾರೆ. ಮಾಡುತ್ತದೆ. ರಾತ್ರಿ ಮಲಗಿದ್ದು ಸಾಲದೆ ಮಧ್ಯಾಹ್ನವೂ ಒಂದು ಜೊಂಪು ತೆಗೆಯುತ್ತದೆ. ಒಂದೊಂದು ನೊಣವನ್ನು ಒಂದೊಂದು ಗಾಜಿನ ಕೊಳವೆಯಲ್ಲಿ ಬಿಟ್ಟು, ಒಂದು ತುದಿಗೆ ಊಟ, ಇನ್ನೊಂದು ತುದಿಗೆ ಹತ್ತಿ ತುರುಕಿದರಾಯಿತು. ಕೊಳವೆಯ ನಡುವೆ ಕಣ್ಣಿಗೆ ಕಾಣದ ಬೆಳಕಿನ ಗೆರೆಯೊಂದು ಹಾದಿರುತ್ತದೆ. ಐದು ನಿಮಿಷ ಅದನ್ನು ದಾಟದಿದ್ದರೆ ನೊಣ ಮಲಗಿದೆ ಎಂದು ಯಂತ್ರ ಬರೆದುಕೊಳ್ಳುತ್ತದೆ.

ಕಲಿತದ್ದು ತಲೆಯಲ್ಲಿ ಉಳಿಯಬೇಕಾದರೆ ನಿದ್ದೆ ಬೇಕು ಎಂಬುದು ನೊಣದಮ್ಮ ಒಂಬತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತು. ಬೆಳಿಗ್ಗೆ ನೊಣಗಳಿಗೆ ಒಂದು ವಾಸನೆ ತೋರಿಸಿ, ಜೊತೆಗೇ ಸಣ್ಣದೊಂದು ಶಾಕ್ ಕೊಡುವುದು. ಮಧ್ಯಾಹ್ನ ಅರ್ಧದಷ್ಟನ್ನು ಮಲಗಲು ಬಿಟ್ಟು, ಪಕ್ಕದ ಕೋಣೆಯಲ್ಲಿ ಉಳಿದರ್ಧದ ಕೊಳವೆಗಳಿರುವ ತಟ್ಟೆಯನ್ನು ಅಲುಗಾಡಿಸಿ ಎಚ್ಚರವಾಗಿಡುವುದು. ಮಾರನೆಯ ದಿನ ಅದೇ ವಾಸನೆ ಬಿಟ್ಟರೆ ಮಲಗಿದವು ದೂರ ಓಡುತ್ತವೆ. ನಿದ್ದೆಗೆಟ್ಟವು ಏನೂ ಆಗದವರ ಹಾಗೆ ಅದರತ್ತಲೇ ನಡೆಯುತ್ತವೆ.

ಈ ಪ್ರಯೋಗದ ಮೇಲೆಯೇ ಅವರ ಶಿಷ್ಯೆಯ ನಾಲ್ಕು ವರ್ಷದ ದುಡಿಮೆ, ಅವಳ ಪದವಿ ಎರಡೂ ನಿಂತಿದ್ದವು. ಅದು ಮೂರು ತಿಂಗಳಿಂದ ಕೈಕೊಟ್ಟಿತ್ತು. ಮಲಗಲು ಬಿಟ್ಟ ನೊಣಗಳೂ ಪಾಠ ಮರೆಯುತ್ತಿದ್ದವು. ದಿನದ ಒಟ್ಟು ನಿದ್ದೆ ನೋಡಿದರೆ ಸರಿಯಾಗಿಯೇ ಇತ್ತು, ನೆನಪು ಮಾತ್ರ ಸೊನ್ನೆ. ನಡುವೆ ಒಂದು ಮಂಗಳವಾರದ ನೊಣಗಳು ಎಲ್ಲವನ್ನೂ ನೆನಪಿಟ್ಟುಕೊಂಡಿದ್ದವು. ಅದು ಹೇಗೋ ಆಗಿದ್ದು ಎಂದು ಇಬ್ಬರೂ ಬದಿಗಿಟ್ಟರು.

ತಾಳ್ಮೆ ಕೆಟ್ಟ ಒಂದು ದಿನ ನೊಣದಮ್ಮ ಎಲ್ಲರೆದುರು ಅಂದೇಬಿಟ್ಟರು: "ನೊಣ ಹಿಡಿಯೋ ಕೈ ಹಗುರ ಇರಬೇಕಮ್ಮ. ನಿನ್ನ ಕೈ ಒರಟು."

ಶಿಷ್ಯೆ ತಲೆ ತಗ್ಗಿಸಿ ಕೊಳವೆ ತೊಳೆಯಲು ಹೋದಳು. ಎರಡು ವಾರ ಕಳೆದ ಮೇಲೆ ಬಂದು, ಒಂದು ಶಾಲೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ, ಈ ತಿಂಗಳ ಕೊನೆಗೆ ಹೋಗುತ್ತೇನೆ, ಪದವಿ ಬೇಡ ಎಂದಳು. ಸೇರಿದ ಮೊದಲ ದಿನ ಬಾಟಲಿ ಬೀಳಿಸಿ ಇನ್ನೂರು ನೊಣ ಹಾರಿಬಿಟ್ಟು, ಸಂಜೆಯವರೆಗೆ ಬಾಳೆಹಣ್ಣು ಹಿಡಿದು ಅವುಗಳನ್ನು ಮತ್ತೆ ಕರೆದುಕೊಂಡು ಬಂದ ಹುಡುಗಿ ಅವಳು. ಅಂಥವಳನ್ನು ಕಳೆದುಕೊಳ್ಳುವುದು ನೊಣದಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ.

ಅಂದೇ ಬಾಗಿಲು ಹಾಕಿಕೊಂಡು ಮೂರು ತಿಂಗಳ ದಾಖಲೆಯನ್ನು ನಿಮಿಷ ನಿಮಿಷವಾಗಿ ತಾವೇ ನೋಡಿದರು. ಮಲಗಬೇಕಾದ ನೊಣಗಳು ದಿನವೂ ಮಧ್ಯಾಹ್ನ ಒಂದು ನಲವತ್ತಕ್ಕೆ ಒಟ್ಟಿಗೇ ಎದ್ದು ಎರಡು ಇಪ್ಪತ್ತರವರೆಗೆ ಓಡಾಡಿದ್ದವು. ಕಳೆದುಕೊಂಡ ನಿದ್ದೆಯನ್ನು ಸಂಜೆ ಬೇಗ ಮಲಗಿ ತುಂಬಿಕೊಂಡಿದ್ದವು; ಒಟ್ಟು ನಿದ್ದೆ ಸರಿಯಾಗಿ ಕಂಡದ್ದು ಅದಕ್ಕೇ. ಪ್ರಯೋಗವಿಲ್ಲದ ಭಾನುವಾರಗಳಲ್ಲಿ ಮತ್ತು ಆ ಒಂದು ಮಂಗಳವಾರ ಮಾತ್ರ ಯಾವ ನೊಣವೂ ಎದ್ದಿರಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೊಣದಮ್ಮ ಮೊದಲು ಲಿಫ್ಟನ್ನು ಬೈದರು. ಆಮೇಲೆ ನೀರಿನ ಪಂಪನ್ನು ಬೈದರು. ಪಕ್ಕದ ಪ್ರಯೋಗಾಲಯದವರ ಹತ್ತಿರ ಹೋಗಿ, ನಿಮ್ಮ ಯಂತ್ರವೇ ನಮ್ಮ ಗೋಡೆ ನಡುಗಿಸುತ್ತಿದೆ ಎಂದು ಜಗಳವನ್ನೂ ಆಡಿದರು. ಅವರು ಪಾಪ, ಆ ಯಂತ್ರ ಕೆಟ್ಟು ಆರು ತಿಂಗಳಾಯಿತು ಎಂದರು.

ಮರುದಿನ ಕಳ್ಳನನ್ನು ಕೈಯಾರೆ ಹಿಡಿಯಲು ಹೊರಟರು. ನೊಣಗಳ ಕಬ್ಬಿಣದ ಕಪಾಟಿನ ಮೇಲೆ ಸ್ಟೀಲ್ ಬಟ್ಟಲಿನ ತುಂಬ ನೀರಿಟ್ಟು, ಎದುರಿಗೆ ಮೊಬೈಲ್ ಒರಗಿಸಿ ವಿಡಿಯೋ ಹಚ್ಚಿದರು. ತಾವೂ ಕಾವಲಿಗೆ ಕೂತರು. ಕೂರಲು ಅಲ್ಲಿ ಅವರದೇ ಆರಾಮಕುರ್ಚಿ ಇತ್ತು. ಮೂರು ತಿಂಗಳ ಹಿಂದೆ ಅವರ ಕೊಠಡಿಯ ಸೂರಿನ ರಿಪೇರಿ ಶುರುವಾದಾಗ ಅದನ್ನು ಇಲ್ಲಿಗೆ ತಂದು ಕಪಾಟಿಗೆ ಒರಗಿಸಿದ್ದರು. ವರ್ಷವಿಡೀ ಒಂದೇ ಹದದ ಬೆಚ್ಚಗಿನ ಕೋಣೆ, ಊಟವಾದ ಹೊತ್ತು. ಕಣ್ಣು ಬಿಟ್ಟು ಕಾಯಬೇಕೆಂದುಕೊಂಡವರು ದಿನದ ಅಭ್ಯಾಸದಂತೆ ಕಣ್ಣು ಮುಚ್ಚಿದರು.

ಎಚ್ಚರವಾದಾಗ ಗಂಟೆ ಎರಡು ಇಪ್ಪತ್ತು. ಛೆ ಎಂದುಕೊಂಡು ಮೊಬೈಲ್ ನೋಡಿದರು. ಒಂದು ನಲವತ್ತಕ್ಕೆ ಬಟ್ಟಲಿನ ನೀರಿನಲ್ಲಿ ಉಂಗುರಗಳೆದ್ದು, ನಿಂತು, ಮತ್ತೆ ಎದ್ದಿದ್ದವು. ಜೊತೆಗೆ ಮರ ಕೊಯ್ಯುವ ಗರಗಸದಂಥ ಸದ್ದು. ಪ್ರತಿ ಸಲ ಕೊನೆಯಲ್ಲಿ ಒಂದು ತೆಳ್ಳನೆ ಸಿಳ್ಳೆ.

ಆ ಸಿಳ್ಳೆ ಕೇಳಿ ನೊಣದಮ್ಮ ತಣ್ಣಗಾದರು. ಮನೆಯಲ್ಲಿ ಗಂಡನಿಗೂ ಅವರಿಗೂ ಇಪ್ಪತ್ತಾರು ವರ್ಷದಿಂದ ಒಂದು ವ್ಯಾಜ್ಯ ನಡೆದಿತ್ತು. ನೀನು ಗೊರಕೆ ಹೊಡೆಯುತ್ತೀಯ, ಕೊನೆಗೊಂದು ಸಿಳ್ಳೆ ಬೇರೆ ಎಂದು ಗಂಡ. ಪುರಾವೆ ತೋರಿಸಿ ಎಂದು ಇವರು. ಪಾಪದ ಮನುಷ್ಯ ಕಿವಿಗೆ ಹತ್ತಿ ಇಟ್ಟುಕೊಂಡು ಸಂಸಾರ ಮಾಡಿದ್ದರು. ಡೈರಿ ತೆಗೆದು ನೋಡಿದರೆ, ನೊಣಗಳಿಗೆ ಎಲ್ಲ ನೆನಪಿದ್ದ ಆ ಮಂಗಳವಾರ ನೊಣದಮ್ಮ ಹಲ್ಲು ಕೀಳಿಸಲು ಹೋಗಿದ್ದರು.

ಬಾಗಿಲಲ್ಲಿ ಶಿಷ್ಯೆ ನಿಂತಿದ್ದಳು. ನಿನಗೆ ಗೊತ್ತಿತ್ತೇ ಎಂದು ಕೇಳಿದರು.

"ಹತ್ತು ದಿನ ಆಯ್ತು ಮೇಡಂ, ನಾನೂ ನಿಮಿಷದ ದಾಖಲೆ ನೋಡಿದ್ದೆ."

ಆಗ ಎಲ್ಲವೂ ಒಂದೊಂದಾಗಿ ಹೊಳೆಯಿತು. ಕುರ್ಚಿಯ ಕಾಲಿಗೆ ಸ್ಪಂಜು ಕಟ್ಟಿದವಳು ಅವಳು. ನನ್ನ ಸೊಂಟದ ಮೇಲೆ ಎಷ್ಟು ಕಾಳಜಿ ಎಂದು ಇವರು ಸಂತೋಷಪಟ್ಟಿದ್ದರು. ನಿಮ್ಮ ಕೊಠಡಿ ಸಿದ್ಧವಾಗಿದೆ, ಕುರ್ಚಿ ಸಾಗಿಸಲೇ ಎಂದು ಮೂರು ಸಲ ಕೇಳಿದ್ದಳು. ಮೊದಲು ಪ್ರಯೋಗದ ಕಡೆ ಗಮನ ಕೊಡು ಎಂದು ಇವರು ಗದರಿದ್ದರು.

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಕೈ ಒರಟು ಅಂದಿದ್ರಲ್ಲ ಮೇಡಂ. ಆಮೇಲೆ ನಾನು ನಿಮ್ಮ ಗೊರಕೆ ಅಂದ್ರೆ, ತಪ್ಪು ಮುಚ್ಚೋಕೆ ನೆವ ಹೇಳ್ತಾಳೆ ಅಂತಿದ್ರಿ."

ಅನ್ನುತ್ತಿದ್ದರು. ಖಂಡಿತ ಅನ್ನುತ್ತಿದ್ದರು. ನೊಣದಮ್ಮನಿಗೆ ನಾಚಿಕೆಯಾಯಿತು, ಗೊರಕೆಗಿಂತ ಹೆಚ್ಚಾಗಿ ಈ ಮಾತಿಗೆ. "ತಪ್ಪು ನನ್ನದು ಕಣಮ್ಮ. ನಿನ್ನ ಕೈಯೂ ಒರಟಲ್ಲ, ನೀನೂ ಒರಟಲ್ಲ. ನನ್ನ ಬಾಯಿ ಒರಟು, ನಿದ್ದೆಯಲ್ಲೂ, ಎಚ್ಚರದಲ್ಲೂ" ಎಂದರು. ಶಿಷ್ಯೆ ನಗಬಾರದೆಂದು ತುಟಿ ಕಚ್ಚಿಕೊಂಡಳು, ಆದರೂ ನಕ್ಕಳು. ಇವರೂ ನಕ್ಕರು. ಕುರ್ಚಿಯನ್ನು ಇಬ್ಬರೂ ಸೇರಿಯೇ ಹೊತ್ತುಕೊಂಡು ಹೋದರು.

ಸಂಜೆ ಮನೆಯಲ್ಲಿ ಗಂಡ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದರು. ನೊಣದಮ್ಮ ಪ್ರಯೋಗಾಲಯದಿಂದ ತಂದ ಒಂದು ಕಟ್ಟು ಹತ್ತಿಯನ್ನು ಮೇಜಿನ ಮೇಲಿಟ್ಟು, "ರೀ, ಪುರಾವೆ ಸಿಕ್ತು" ಎಂದು ನಡೆದದ್ದನ್ನೆಲ್ಲ ಹೇಳಿದರು. ಗಂಡ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಪೂರ್ತಿ ಕೇಳಿ, "ಇಪ್ಪತ್ತಾರು ವರ್ಷ ನಾನು ಹೇಳಿದ್ದು ಸುಳ್ಳು, ನೊಣ ಹೇಳಿದ್ದು ನಿಜ. ಇರಲಿ ಬಿಡು, ಗೆದ್ದೆನಲ್ಲ" ಎಂದರು.

ಕುರ್ಚಿ ಹೋದ ಮೇಲೆ ನೊಣಗಳು ಮಲಗಿದವು, ಪಾಠವೂ ನೆನಪಿನಲ್ಲಿ ಉಳಿಯಿತು. ಅಷ್ಟೇ ಅಲ್ಲ, ಹಾಳಾಯಿತು ಎಂದುಕೊಂಡಿದ್ದ ಮೂರು ತಿಂಗಳಲ್ಲಿ ಹೊಸದೊಂದು ಸಂಗತಿ ಅಡಗಿದೆ ಎಂದು ಶಿಷ್ಯೆ ತೋರಿಸಿದಳು. ಗೊರಕೆಯಿಂದ ಎದ್ದ ನೊಣಗಳು ಸಂಜೆ ಅಷ್ಟೇ ನಿದ್ದೆ ತುಂಬಿಕೊಂಡಿದ್ದರೂ ಪಾಠ ಮರೆತಿದ್ದವು. ಅಂದರೆ ಎಷ್ಟು ಮಲಗಿದವು ಎಂಬುದಕ್ಕಿಂತ, ಕಲಿತ ಬೆನ್ನಲ್ಲೇ ಮಲಗಿದವೇ ಎಂಬುದು ಮುಖ್ಯ. ಇದು ನೊಣದಮ್ಮನಿಗೆ ಒಂಬತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ಶಿಷ್ಯೆ ಶಾಲೆಯವರಿಗೆ ತಾನು ಬರುವುದಿಲ್ಲವೆಂದು ಬರೆದಳು.

ಲೇಖನದ ಕರಡಿನಲ್ಲಿ ಅವಳು ಸಂಕೋಚದಿಂದ "ಕೋಣೆಯಲ್ಲಿ ಉಂಟಾದ ಕಂಪನ" ಎಂದಷ್ಟೇ ಬರೆದಿದ್ದಳು. ನೊಣದಮ್ಮ ಅದನ್ನು ಹೊಡೆದುಹಾಕಿ "ಪ್ರಾಧ್ಯಾಪಕಿಯ ಗೊರಕೆ" ಎಂದು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿ ಅವಳ ಮುಂದಿಟ್ಟರು. ಮೊದಲ ತಿದ್ದುಪಡಿ ಓದಿ ಶಿಷ್ಯೆ ಜೋರಾಗಿ ನಕ್ಕಳು. ಎರಡನೆಯ ಸಾಲಿಗೆ ಬಂದಾಗ ನಗು ನಿಂತಿತು. "ಪ್ರಯೋಗ ನಡೆಸಿದ ಕೈಯಲ್ಲಿ ಯಾವ ದೋಷವೂ ಇರಲಿಲ್ಲ" ಎಂದಿತ್ತು. ಅವಳು ಅದನ್ನು ಎರಡು ಸಲ ಓದಿ, ಕಣ್ಣೊರೆಸಿಕೊಂಡು, ಗೋಡೆಯ ಗಡಿಯಾರ ನೋಡಿದಳು.

"ಒಂದೂವರೆ ಆಯ್ತು ಮೇಡಂ. ನಿಮ್ಮ ಕೋಣೆಗೆ ಹೋಗಿ ಮಲಗಿ. ನೊಣಗಳೂ ಮಲಗಲಿ."