ಕಣ್ಣಿಗೆ ಬಡಿದ ನೊಣ

ಬೆಚ್ಚಗೆ, ಅಂಟಂಟಾಗಿ ಕುರಿಯ ಸಿಂಬಳ ಮುಂಗೈ ಮೇಲೆ ಇಳಿಯಿತು, ಸಾಬವ್ವ ಒರೆಸಿಕೊಳ್ಳಲಿಲ್ಲ, ಕೈ ಬಿಟ್ಟರೆ ಕುರಿ ತಲೆ ಕೊಡವುತ್ತದೆ, ಕೊಡವಿದರೆ ಡಾಕ್ಟರು ಕುಡಿಸುವ ಔಷಧವೆಲ್ಲ ಮಣ್ಣುಪಾಲು — ಎಷ್ಟು ಸೀನುತ್ತದೆ ಮುಂಡೇದು, ತಿಂದ ಮೇವೆಲ್ಲ ಸೀನಿಗೇ ಹೋಯಿತು — ಮುಂಬೈ ಹೊರಗೆ ಮುಂಬ್ರಾದ ಈ ಗುಡ್ಡದ ಬುಡದಲ್ಲಿ ಝೋಪಡಿಗೆ ಒತ್ತಿ ತಗಡು ಹೊದಿಸಿ ಸಾಕಿದ ಕುರಿ, ವಿಜಯಪುರ ಬಿಟ್ಟು ಬಂದವಳಿಗೆ ಊರಿನ ವಾಸನೆ ಎಂದರೆ ಇದೊಂದೇ, ಮಗ ಭೀಮು ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗೆ ಲೋಡಿಂಗಿಗೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ, ಸೊಸೆ ಅನಸೂಯಾ ಅದೋ ಅಲ್ಲಿ, ಕಂಬಕ್ಕೆ ಆತು ನಿಂತಿದ್ದಾಳೆ, ಬಲಗಣ್ಣಿಗೆ ಸೆರಗು ಒತ್ತಿಕೊಂಡು, ಏನು ಕಾಲ್ಗುಣವೋ, ಅವಳು ಬಂದ ವರ್ಷವೇ ಕುರಿಗೆ ರೋಗ. ಮೂಗಿನೊಳಗೆ ಹುಳ ಆಗಿದೆ ಮಾರಾಯ್ತಿ, ಎನ್ನುತ್ತಿದ್ದಾರೆ ದನದ ಡಾಕ್ಟರು ಧರ್ಮಪಾಲ, ಮಂಗಳೂರಿನ ಕಡೆಯವರು, ಒಂದು ಜಾತಿಯ ನೊಣ ಉಂಟು, ಅದು ಮೊಟ್ಟೆ ಇಡುವುದಲ್ಲ, ಹಾರುತ್ತಲೇ ಜೀವದ ಮರಿಗಳನ್ನು ಮೂಗಿಗೆ ಸಿಡಿಸಿ ಹೋಗ್ತದೆ, ಕೆಲವು ಸಲ ಮನುಷ್ಯರ ಕಣ್ಣಿಗೂ — ಆ ಹುಡುಗಿಯ ಕಣ್ಣಿಗೆ ಎಂತ ಆಯ್ತು?

ಏನೂ ಆಗಿಲ್ರಿ ಸಾಹೇಬ್ರ, ಕೆಲಸಗಳ್ಳಿ ಅದಾಳ, ಎಂದಳು ಸಾಬವ್ವ, ಎನ್ನುವಾಗಲೇ ನಿನ್ನೆಯ ಮಧ್ಯಾಹ್ನ ಎದುರಿಗೆ ಬಂದು ಕೂತಿತು — ಅತ್ತಿ, ಕಣ್ಣಿಗೊಂದು ನೊಣ ಬಡದ್ಹೋಯ್ತ್ರಿ, ಒಳಗ ಏನೋ ಹರದಾಡ್ಲಾಕತ್ತಾದ — ನೊಣ ಬಡಿದರೆ ಯಾರಾದರೂ ಮಲಗುತ್ತಾರೆಯೇ, ಹೆರಿಗೆ ಬ್ಯಾನಿ ಬಂದ ದಿನವೂ ನನ್ನತ್ತೆ ನನ್ನ ಕೈಲಿ ರೊಟ್ಟಿ ತಟ್ಟಿಸಿದ್ದಳು, ನಾನೇನು ಸತ್ತೆನೇ, ಉಳ್ಳಾಗಡ್ಡಿ ಜಜ್ಜಿ, ಸೊಸೆಯ ಜುಟ್ಟು ಹಿಡಿದು ಅದೇ ಕಣ್ಣಿಗೆ ನಾನು ಹಿಂಡಿದ್ದು ಮದ್ದೆಂದು ಅಲ್ಲ, ಕಿರುಚಲಿ ಎಂದು, ಅವಳು ಕಿರುಚಲಿಲ್ಲ, ಹಲ್ಲು ಕಚ್ಚಿದಳು, ಅದಕ್ಕೇ ಇನ್ನಷ್ಟು ಹಿಂಡಿದ್ದು. ಕುರಿಗೆ ಔಷಧ ಕುಡಿಸಿ ಮುಗಿಸಿದ ಡಾಕ್ಟರು ಈಗ ಅವಳ ಕಣ್ಣಿನ ಮೇಲಿನ ಸೆರಗು ಸರಿಸುತ್ತಿದ್ದಾರೆ, ರೆಪ್ಪೆ ಎತ್ತಿ ಮೊಬೈಲಿನ ಬೆಳಕು ಹಿಡಿದಿದ್ದಾರೆ, ಬನ್ನಿ, ನೀವೇ ನೋಡಿ — ನೋಡಬಾರದಿತ್ತು, ಕುರಿಯನ್ನು ಎಳೆದುಕೊಂಡೇ ಹೋಗಿ ನೋಡಿದಳು, ಸುಟ್ಟಂತೆ ಕೆಂಪಾದ ಗುಡ್ಡೆ, ಅದರ ಮೂಲೆಯಲ್ಲಿ ನುಚ್ಚಿಗಿಂತ ಸಣ್ಣ ಬಿಳಿಯದೊಂದು, ಬೆಳಕು ಬಿದ್ದದ್ದೇ ಹಿಂದಕ್ಕೆ ಸರಿಯಿತು. ಇವತ್ತೇ ಕಣ್ಣಿನ ಆಸ್ಪತ್ರೆಯಲ್ಲಿ ತೆಗೆಸಬೇಕು, ನಾನೇ ಬಿಡ್ತೇನೆ, ಇದಕ್ಕೆ ಏನು ಹಾಕಿದ್ರಿ ನೀವು? ಸಾಬವ್ವ ಬಗ್ಗಿ ಕುರಿಯ ದವಡೆ ಒರೆಸತೊಡಗಿದಳು. ನಾನೇ ಹಾಕ್ಕೊಂಡೀನ್ರಿ, ಎಂದಳು ಅನಸೂಯಾ, ಅತ್ತೆಯ ಮುಖ ನೋಡದೆ, ಅತ್ತಿ, ಹೋಗಿ ಬರ್ಲ್ಯಾ?

ಹಿಕ್ಕಿ ಬಳದು ಹೋಗು, ಎಂದಿತು ಬಾಯಿ — ಬಾಯಿಗೆ ಬಂದದ್ದೇ ಅದು, ಬೇರೆ ಏನು ಬರಬೇಕಿತ್ತು — ಡಾಕ್ಟರು ಹೋಗಿ ತಮ್ಮ ಸ್ಕೂಟರು ತಿರುಗಿಸಿ ನಿಲ್ಲಿಸಿದರು, ಅನಸೂಯಾ ಒಂದು ಕಣ್ಣು ಮುಚ್ಚಿಕೊಂಡು ಕಸಬರಿಗೆ ಹಿಡಿದು ಮೂಲೆಮೂಲೆ ಬಳಿದಳು, ಒಂದು ಹಿಕ್ಕಿ ಬಿಡಲಿಲ್ಲ, ಕೈ ತೊಳೆದು ಸ್ಕೂಟರಿನ ಹಿಂದೆ ಕೂತು ಹೋದಳು, ತಿರುಗಿ ನೋಡಲಿಲ್ಲ. ಹೋಗಲಿ, ಸಂಜೆಗೆ ರೊಟ್ಟಿ ನಾನೇ ತಟ್ಟುತ್ತೇನೆ, ಔಷಧ ಒಳಗೆ ಹೋಯಿತು, ಕುರಿ ಉಳಿದರೆ ಸಾಕು, ಭೀಮು ಕೇಳಿದರೆ ಅವಳೇ ಹಾಕಿಕೊಂಡಳಂತೆ ಎನ್ನಬೇಕು, ಅವಳೇ ಅಂದಿದ್ದಾಳಲ್ಲ, ಡಾಕ್ಟರೂ ಕೇಳಿದ್ದಾರೆ, ಆದರೆ ಅವಳು ಯಾಕೆ ಹಾಗಂದಳು, ಯಾಕೆ, ಹಿಂಡುವಾಗ ಆ ಹುಳ ಅಲ್ಲೇ ಇತ್ತು, ನನ್ನ ಬೆರಳ ಕೆಳಗೆ, ರಸ ಬಿದ್ದಾಗಲೂ ಹೀಗೇ ಸರಿದಿತ್ತೇನೋ, ಕೆಂಪಿನ ಮೂಲೆಯಲ್ಲಿ, ಬಿಳಿಯದು, ಹಿಂದಕ್ಕೆ —