ಎರಡು ಮಿಲಿಮೀಟರ್ ಹೆಚ್ಚು

ಊರವರ ಹಲ್ಲೆಲ್ಲ ಕಿತ್ತ ಡಾಕ್ಟರ ಹಳೇ ಕಾರಿನ ಗೇರುಬಾಕ್ಸಿನಲ್ಲೇ ಹಲ್ಲು ಉದುರಿದ್ದವು. ಕಾರು ಅವರ ತಂದೆಯ ಕಾಲದ್ದು. ಅದರ ಗೇರುಬಾಕ್ಸ್ ಈಗ ಯಾವ ಗುಜರಿಯಲ್ಲೂ ಸಿಗುವುದಿಲ್ಲ. ಇಂಜಿನ್ ಮಾತ್ರ ಇನ್ನೂ ಗುಂಡುಕಲ್ಲಿನ ಹಾಗಿತ್ತು. ಅದೇ ಕಂಪನಿಯ ಹೊಸ ಮಾದರಿಯ ಗೇರುಬಾಕ್ಸೊಂದನ್ನು ಎಲ್ಲಿಂದಲೋ ತಂದು, ಇದಕ್ಕೆ ಹೊಂದಿಸಿ ಕೊಡಿ ಎಂದು ನಮ್ಮ ಶೆಡ್ಡಿನಲ್ಲಿ ಇಳಿಸಿ ಹೋದರು. ನಮ್ಮದು ಅಂದರೆ ಅಪ್ಪನದು. ಇಪ್ಪತ್ತೆರಡು ವರ್ಷದಿಂದ ಲೇತಿನ ಮುಂದೆ ನಿಲ್ಲುವವಳು ನಾನು. ಗಾಡಿಗಳ ಅಡಿಯಲ್ಲಿ ಮಲಗುವವನು ತಮ್ಮ, ಕೆಲಸ ಇದ್ದಾಗಲೂ ಇಲ್ಲದಾಗಲೂ.

"ಇದೊಂದನ್ನ ಸರಿಯಾಗಿ ಕೂರಿಸಿಬಿಡು, ಶೆಡ್ಡು ನಿನ್ನ ಹೆಸರಿಗೆ ಮಾಡ್ತೀನಿ," ಎಂದಿದ್ದ ಅಪ್ಪ. ಮೂಗಿಗೆ ತುಪ್ಪ ಸವರುವುದು ಅವನಿಗೆ ಹೊಸದಲ್ಲ. ಆದರೂ ನಂಬಿದೆ. ನಲವತ್ತು ದಾಟಿದ ಮೇಲೆ ಆಸೆ ಇರಬಾರದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತಿಂಗಳಿಡೀ ಅದರ ಮೇಲೇ ಬಿದ್ದೆ. ಇಂಜಿನ್ನಿಗೂ ಗೇರುಬಾಕ್ಸಿಗೂ ಬೋಲ್ಟಿನ ತೂತುಗಳು ಹೊಂದದಿದ್ದಕ್ಕೆ ನಡುವೆ ಒಂದು ದಪ್ಪ ಪ್ಲೇಟ್ ಕಡೆದು ಕೂರಿಸಿದೆ, ಕ್ಲಚ್ ಬದಲಿಸಿದೆ. ಉಳಿದದ್ದು ಶಾಫ್ಟು, ಗೇರುಬಾಕ್ಸಿನಿಂದ ಹೊರಚಾಚಿದ ಉಕ್ಕಿನ ಸರಳು. ಗೇರುಬಾಕ್ಸಿನ ಶಾಫ್ಟಿನ ತುದಿ ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕಿನ ಹಿಂಬದಿಯ ತೂತಿನೊಳಗೆ ಹೋಗಿ ಕೂರಬೇಕು, ಆದರೆ ತಳಕ್ಕೆ ತಾಗಬಾರದು. ಮೂರು ಸಲ ಅಳೆದೆ. ಎರಡು ಮಿಲಿಮೀಟರ್ ಉದ್ದ ಹೆಚ್ಚಿತ್ತು. "ಎರಡು ಹೆಚ್ಚು. ಮುಟ್ಟಬೇಡ" ಎಂದು ಗೇರುಬಾಕ್ಸಿನ ಮೈಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದು, ಆ ಗಟ್ಟಿ ಉಕ್ಕನ್ನು ಉಜ್ಜುವ ಕಲ್ಲು ತರಲು ಪೇಟೆಯ ಅಂಗಡಿಗೆ ಹೋದೆ.

ಗೇರುಬಾಕ್ಸ್ ಕೈಯಲ್ಲಿ ತಳ್ಳಿದರೆ ಕೂರಬೇಕು, ಬೋಲ್ಟು ಬಿಗಿದು ಎಳೆಯಬಾರದು. ಇದು ಅಪ್ಪನದೇ ನಿಯಮ. ಅಕ್ಷರ ಕಲಿಯುವ ಮೊದಲೇ ನಾವಿಬ್ಬರೂ ಇದನ್ನು ಕಲಿತಿದ್ದೆವು.

ಸಂಜೆ ವಾಪಸು ಬರುವಾಗ ಕಾರು ನನ್ನೆದುರೇ ಬಂತು. ಸ್ಟೇರಿಂಗ್ ಹಿಡಿದು ತಮ್ಮ, ಪಕ್ಕದಲ್ಲಿ ಅಪ್ಪ, ಹಿಂದೆ ಮದುಮಗನ ಹಾಗೆ ಡಾಕ್ಟರು. ಇಂಜಿನ್ ಅರಚುತ್ತಿತ್ತು. "ನಿಲ್ಸೋ!" ಎಂದು ಕೂಗಿ ಕೈ ಅಡ್ಡ ಹಿಡಿದೆ. ಅಪ್ಪ ನಗುತ್ತ ನನಗೆ ಕೈ ಬೀಸಿದ. ಮುಂದಿನ ತಿರುವಿನಲ್ಲಿ ಕಾರು ನಿಂತಿತು, ಮತ್ತೆ ಏಳಲಿಲ್ಲ.

ಮರುದಿನ ಬಿಚ್ಚಿ ನೋಡಿದೆ. ಶಾಫ್ಟು ನೂಕಿದ ಬಿರುಸಿಗೆ ಕ್ರ್ಯಾಂಕು ಮುಂದೊತ್ತಿ ಇಂಜಿನ್ನಿನ ಮೈಯನ್ನೇ ಅರೆದು ತಿಂದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಂಥ ಇಂಜಿನ್ ಇನ್ನೊಂದು ಸಿಗುವುದಿಲ್ಲ.

"ಬರೆದಿದ್ದು ಕಾಣ್ಲಿಲ್ವೇನೋ?" ಎಂದೆ ತಮ್ಮನಿಗೆ.

"ಕಾಣ್ತಕ್ಕ. ಅಷ್ಟರಲ್ಲಿ ಡಾಕ್ಟ್ರು ಬಂದ್ಬಿಟ್ರು. ಎರಡೇ ಅಲ್ವಾ ಅಂತ ಬೋಲ್ಟಲ್ಲಿ ಎಳ್ದೆ."

"ಅಪ್ಪ ಸುಮ್ನಿದ್ನಾ?"

"ಸ್ಪ್ಯಾನರ್ ಕೊಟ್ಟಿದ್ದೇ ಅಪ್ಪ."

ಸಂಜೆ ಡಾಕ್ಟರು ಬಂದರು. ಅವರ ಜತೆ ಪಿಸುಗುಟ್ಟಿ ಬಂದ ಅಪ್ಪ ನನ್ನನ್ನು ಲೇತಿನ ಹಿಂದಕ್ಕೆ ಕರೆದ. "ಅಳತೆ ತಪ್ಪಿದ್ದು ನಿಂದು ಅಂತ ಹೇಳಿದೀನಿ. ನೀನೂ ಒಂದ್ಮಾತು ಹೇಳ್ಬಿಡು."

ಮೈಯೆಲ್ಲ ಉರಿಯಿತು. "ಅಳತೆ ಸರಿ ಇತ್ತು ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು. ನಿನ್ನ ಅಳತೆ ಒಂದಿನಾನೂ ತಪ್ಪಿಲ್ಲ. ಕೈಯಲ್ಲಿ ಕಸುಬಿದೆ, ಎಲ್ಲಿ ಹೋದ್ರೂ ಬದುಕ್ತೀಯ. ಅವನಿಗೆ ಈ ಶೆಡ್ಡು ಬಿಟ್ರೆ ಏನಿದೆ? ಹೆಸರು ಕೆಟ್ರೆ ಅವನ ಹತ್ರ ಯಾರು ಬರ್ತಾರೆ? ಇದೊಂದ್ಸಲ ಹೊಟ್ಟೆಗೆ ಹಾಕ್ಕೋ ತಾಯಿ."

ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ನನ್ನ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ. ಶೆಡ್ಡು ಯಾರಿಗೆ ಎನ್ನುವುದನ್ನೂ ಅದರಲ್ಲೇ ಹೇಳಿ ಮುಗಿಸಿದ್ದ. ಮುಖಕ್ಕೆ ಉಗಿಯಬೇಕೆನಿಸಿತು. ಅಷ್ಟರಲ್ಲಿ ಅವನು ಎರಡೂ ಕೈ ಜೋಡಿಸಿದ. ಉಗುರಿನ ಸಂದಿಯಲ್ಲೆಲ್ಲ ಎಣ್ಣೆಯ ಕಪ್ಪು ಕೂತ ಆ ಕೈಗಳನ್ನು ನನಗೆ ನೋಡಲಾಗಲಿಲ್ಲ.

ಡಾಕ್ಟರು ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದರು. "ನಂದೇ ತಪ್ಪು ಸಾರ್. ಅಳತೆ ತಪ್ಪಿಬಿಟ್ಟೆ," ಎಂದೆ. ತಮ್ಮ ಕಾರಿನ ಅಡಿಗೆ ನುಸುಳಿದ.

"ಇರ್ಲಿ ಬಿಡಮ್ಮ," ಎಂದರು ಡಾಕ್ಟರು. "ಅಳತೆ ಹೆಂಗಸ್ರ ಕೈಗೆ ಕೊಟ್ಟಿದಾರೆ ಅಂದಾಗ್ಲೇ ನಂಗೆ ಅನುಮಾನ ಇತ್ತು."