ಎದ್ದು ಹೊರಡುವ ವ್ಯಾಪಾರ

ದನದ ವ್ಯಾಪಾರದಲ್ಲಿ ನಮ್ಮ ಯಜಮಾನರಾದ ಶಂಭುಲಿಂಗಪ್ಪನವರನ್ನು ಮೀರಿಸಿದವರು ತೆರಕಣಾಂಬಿ ಸಂತೆಯಲ್ಲೇ ಇಲ್ಲ. ಗುಟ್ಟು ಒಂದೇ. ಬೆಲೆ ಒಗ್ಗದಿದ್ದರೆ ಟವೆಲ್ ಕೊಡವಿ ಎದ್ದು ಹೊರಡುವುದು. ಹತ್ತು ಹೆಜ್ಜೆಯೊಳಗೆ ಮಾರುವವನೇ ಕೂಗಿ ಕರೆಯುತ್ತಾನೆ. ಇದೇ ಗುಟ್ಟನ್ನು ನನ್ನ ಮಂಡಿಗೂ ಹಚ್ಚಲು ಹೊರಟರು ನೋಡಿ, ಆ ಮಹಾರಾಯರು!

೨೦೦೬ರಲ್ಲಿ ನನ್ನ ಎಡಮಂಡಿ ಪೂರ್ತಿ ಸವೆದು, ಹಿತ್ತಲಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು. ಆಪರೇಷನ್ ಮಾಡಿ ಕೀಲು ಬದಲಿಸದಿದ್ದರೆ ನಡಿಗೆಯೇ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಮೈಸೂರಿನ ಎರಡು ಆಸ್ಪತ್ರೆಗಳಿಂದ ಖರ್ಚಿನ ಚೀಟಿ ತಂದೆವು. ಒಂದರಲ್ಲಿ ತೊಂಬತ್ತು ಸಾವಿರ, ಇನ್ನೊಂದರಲ್ಲಿ ಒಂದೂವರೆ ಲಕ್ಷ.

"ತೊಂಬತ್ತಕ್ಕೇ ಕುದುರ್ತು ಕಣಮ್ಮಿ!" ಎಂದು ಯಜಮಾನರು ಮೀಸೆ ತಿರುವಿದರು.

ನಾನು ಬಿಡುತ್ತೇನೆಯೇ? ಆ ತೊಂಬತ್ತರ ಚೀಟಿಯ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಕೊನೆಯ ಸಾಲಿನವರೆಗೂ ಓದಿದೆ. ಇಂಪ್ಲಾಂಟ್ ಬೇರೆ ಅಂತಿತ್ತು. ಫೋನ್ ಮಾಡಿ ಕೇಳಿದರೆ, ಒಳಗೆ ಕೂರಿಸುವ ಹೊಸ ಕೀಲೇ ಅದಂತೆ, ಅದಕ್ಕೆ ಎಂಬತ್ತು ಸಾವಿರವಂತೆ!

"ಗಾಡಿ ರೇಟು ಯೋಳವ್ರೆ ಕಣ್ರೀ, ಎತ್ತು ಬ್ಯಾರೆಯಂತೆ!" ಎಂದೆ. ಯಜಮಾನರ ಮೀಸೆ ಇಳಿಯಿತು.

ಎರಡನೆಯ ಆಸ್ಪತ್ರೆಯ ಡಾಕ್ಟರು ದಿಲೀಪ್ ಎಲ್ಲ ಬಿಡಿಸಿ ಹೇಳಿದರು. ಕೀಲು, ರೂಮು, ಔಷಧಿ, ಆಮೇಲಿನ ವ್ಯಾಯಾಮ ಎಲ್ಲವೂ ಒಂದೂವರೆ ಲಕ್ಷದೊಳಗೇ ಬರುತ್ತಿತ್ತು.

"ಒಂದು ಇಪ್ಪತ್ತಕ್ಕೆ ಮುಗಿಸಿ ಸಾ" ಎಂದರು ಯಜಮಾನರು.

"ಆಗಲ್ಲ ಯಜಮಾನ್ರೇ."

"ಏಳಮ್ಮಿ, ಓಗನ!" ಟವೆಲ್ ಕೊಡವಿ ಬಾಗಿಲಿಗೆ ನಡೆದೇಬಿಟ್ಟರು.

ಡಾಕ್ಟರು ಕೂಗಲಿಲ್ಲ. ನಾನು ಏಳಲು ನೋಡಿದೆ, ಆಗಲಿಲ್ಲ. ಇನ್ನೊಮ್ಮೆ ನೋಡಿದೆ, ಪ್ರಾಣ ಹೋದಂತಾಯಿತು. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ತಡೆಯಲಾರದ ನಗು ಬಂತು.

"ಎದ್ದೋಗಕೆ ಮಂಡಿ ಬೇಕಲ್ರೀ! ಮೊದ್ಲು ಅದ ಕೊಡ್ಸಿ. ಆಮೇಲೆ ಎಷ್ಟು ಸಲ ಬೇಕಾದ್ರೂ ಎದ್ದೋಗನ."

ಯಜಮಾನರು ಬಾಗಿಲಲ್ಲೇ ನಿಂತರು. ನನ್ನನ್ನು ನೋಡಿದರು, ಕಾಲು ನೋಡಿದರು. ಯಾರೂ ಕರೆಯದೆ ಅವರು ವಾಪಸ್ ಬಂದದ್ದು ಅದೇ ಮೊದಲು. "ಆಯ್ತು ಸಾ, ಬರ್ಕೊಬುಡಿ" ಎಂದು ಮೆಲ್ಲಗೆ ಕೂತರು.

ಆಪರೇಷನ್ ಆಗಿ ನಾಲ್ಕು ತಿಂಗಳಾದ ಮೇಲೆ ಚಾಮರಾಜನಗರದ ರೇಷ್ಮೆ ಅಂಗಡಿಗೆ ಹೋಗಿದ್ದೆವು. ನಾಲ್ಕು ಸಾವಿರದ ಸೀರೆಯನ್ನು ಮೂರಕ್ಕೆ ಕೇಳಿದೆ. "ಆಗಲ್ಲ ಕಣವ್ವಾ" ಎಂದರು ಅಂಗಡಿಯವರು. ಸೆರಗು ಕೊಡವಿ ಎದ್ದೆ, ಹೊರಟೆ! ಯಜಮಾನರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಮೂರನೆಯ ಹೆಜ್ಜೆಗೇ "ಬನ್ನಿ ಅವ್ವಾ, ಮೂರಕ್ಕೇ ತಕೊಳಿ" ಎಂದು ಕೂಗಿದ್ದು ಕೇಳಿಸಿತು. ನಿಲ್ಲುವವರು ಯಾರು? ಬಸ್ ಸ್ಟ್ಯಾಂಡಿನವರೆಗೂ ನಡೆದುಕೊಂಡೇ ಹೋದೆ.